ಕಾರ್ಯದರ್ಶಿ ತರಬೇತಿ ಮತ್ತು ಕಚೇರಿ ಕೌಶಲ: ಒಳ್ಳೆಯ ಕೋರ್ಸ್ ಆರಿಸುವುದರಿಂದ ಕೆಲಸದಲ್ಲಿ ನೆಲೆಯಾಗುವವರೆಗೆ

ಕಾರ್ಯದರ್ಶಿ, ಆಪ್ತ ಸಹಾಯಕ, ಆಫೀಸ್ ಅಸಿಸ್ಟೆಂಟ್. ಹುದ್ದೆಯ ಹೆಸರು ಏನೇ ಇರಲಿ, ಕೆಲಸದ ತಿರುಳು ಒಂದೇ. ಬೇರೆಯವರ ಮಾತು, ಸಮಯ, ಕಾಗದಪತ್ರ ಎಲ್ಲವೂ ನಿಮ್ಮ ಕೈ ದಾಟಿ ಹೋಗುತ್ತವೆ. ದಾಟುವಾಗ ಯಾವುದೂ ಕಳೆಯಬಾರದು, ಯಾವುದೂ ಅರ್ಥ ಬದಲಿಸಬಾರದು. ಇದನ್ನು ಕಲಿಯುವುದಕ್ಕೆ ವಿಶೇಷ ಪ್ರತಿಭೆ ಬೇಕಿಲ್ಲ. ಆದರೆ ಸರಿಯಾಗಿ ಕಲಿಸುವವರು ಬೇಕು, ಸರಿಯಾದ ಅಭ್ಯಾಸ ಬೇಕು.

ಕಲಿಸುವ ಕೋರ್ಸ್‌ಗಳಿಗೇನೂ ಕೊರತೆ ಇಲ್ಲ. ಕೆಲವು ವಾರಗಳದ್ದು, ಇಡೀ ವರ್ಷದ್ದು, ಮನೆಯಲ್ಲೇ ಕೂತು ವಿಡಿಯೊ ನೋಡುವಂಥದ್ದು. ಯಾವುದು ಒಳ್ಳೆಯದು ಅಂತ ತಿಳಿಯುವುದು ಹೇಗೆ? ನಾನು ಒಂದೇ ಒಂದು ಪ್ರಶ್ನೆ ಕೇಳುತ್ತೇನೆ. ವಿದ್ಯಾರ್ಥಿ ಮಾಡಿದ ಕೆಲಸವನ್ನು ಯಾರಾದರೂ ಸಾಲುಸಾಲಾಗಿ ಓದಿ, ತಪ್ಪು ಗುರುತು ಮಾಡಿ, ವಾಪಸ್ ಕೊಟ್ಟು, ಮತ್ತೆ ಮಾಡಿಸುತ್ತಾರಾ? ಹೌದು ಅಂದರೆ ಕಟ್ಟಡ ಹಳೆಯದಾಗಿದ್ದರೂ ಅದು ಒಳ್ಳೆಯ ಕೋರ್ಸ್. ಇಲ್ಲ ಅಂದರೆ ಎಷ್ಟೇ ಹೊಸ ಕಂಪ್ಯೂಟರ್ ಇದ್ದರೂ ಪ್ರಯೋಜನವಿಲ್ಲ.

ಇದು ಹೊಸ ವಿಚಾರವಲ್ಲ. ಇಂಗ್ಲೆಂಡಿನ ಶಿಕ್ಷಕ ಐಸಾಕ್ ಪಿಟ್‌ಮನ್ 1837ರಲ್ಲಿ ತಮ್ಮ ಶೀಘ್ರಲಿಪಿ, ಅಂದರೆ ಮಾತನ್ನು ಗುರುತುಗಳಲ್ಲಿ ಬೇಗ ಬರೆದುಕೊಳ್ಳುವ ಪದ್ಧತಿ, ಪ್ರಕಟಿಸಿದರು. 1840ರಲ್ಲಿ ಬ್ರಿಟನ್ನಿನಲ್ಲಿ ಒಂದು ಪೆನ್ನಿ (ಅಲ್ಲಿನ ಸಣ್ಣ ನಾಣ್ಯ) ಕೊಟ್ಟು ಕಾಗದ ಕಳಿಸುವ ಅಂಚೆ ವ್ಯವಸ್ಥೆ ಬಂತು. ಪಿಟ್‌ಮನ್ ಅಂಚೆಯಲ್ಲೇ ಪಾಠ ಶುರು ಮಾಡಿದರು. ಕೊಟ್ಟ ಭಾಗವನ್ನು ವಿದ್ಯಾರ್ಥಿ ಶೀಘ್ರಲಿಪಿಯಲ್ಲಿ ಬರೆದು ಕಳಿಸಬೇಕು, ಅದು ತಿದ್ದಿದ ಗುರುತುಗಳೊಂದಿಗೆ ವಾಪಸ್ ಬರುತ್ತಿತ್ತು. ದೂರ ಶಿಕ್ಷಣ ಬೆಳೆದದ್ದೇ ಈ ರೀತಿ. ಈಗಿನ ಎಷ್ಟೋ ಆನ್‌ಲೈನ್ ಕೋರ್ಸ್‌ಗಳಲ್ಲಿ ಪಾಠ ಹೋಗುತ್ತದೆ, ತಿದ್ದಿದ ಹಾಳೆ ಮಾತ್ರ ಬರುವುದಿಲ್ಲ.

ಹಂತ 1: ಈಗ ಎಲ್ಲಿದ್ದೀರಿ ಅಂತ ನೋಡಿಕೊಳ್ಳಿ

ದುಡ್ಡು ಕಟ್ಟುವ ಮೊದಲು ಒಂದು ಮಧ್ಯಾಹ್ನ ಬಿಡುವು ಮಾಡಿಕೊಳ್ಳಿ. ನಾಲ್ಕು ಕೆಲಸ ಮಾಡಿ ನೋಡಿ.

ಹಿಂದೆ ನೋಡಿರದ ಒಂದು ಪುಟವನ್ನು 5 ನಿಮಿಷ ಟೈಪ್ ಮಾಡಿ. ಹತ್ತು ನಿಮಿಷದ ಭಾಷಣ ಅಥವಾ ಸುದ್ದಿ ಚರ್ಚೆ ಕೇಳುತ್ತಾ ಕೈಯಲ್ಲಿ ಟಿಪ್ಪಣಿ ಮಾಡಿಕೊಳ್ಳಿ, ಆಮೇಲೆ ಅದನ್ನು ಅರ್ಧ ಪುಟದ ಸಾರಾಂಶ ಮಾಡಿ. ಸಭೆಯ ದಿನಾಂಕ ಮುಂದಕ್ಕೆ ಹೋಗಿದೆ ಅಂತ ಹೊರಗಿನ ಒಬ್ಬ ಅತಿಥಿಗೆ ಇಮೇಲ್ ಬರೆಯಿರಿ. ಕೊನೆಗೆ ಇಪ್ಪತ್ತು ಹೆಸರು ಮತ್ತು ಫೋನ್ ನಂಬರ್‌ಗಳ ಪಟ್ಟಿಯನ್ನು ಸ್ಪ್ರೆಡ್‌ಶೀಟ್‌ಗೆ ಹಾಕಿ, ಅಕಾರಾದಿಯಾಗಿ ಜೋಡಿಸಿ, ಪ್ರಿಂಟ್ ತೆಗೆಯಿರಿ.

ಎಲ್ಲಿ ಕೈ ತಡವರಿಸಿತು ಅಂತ ಬರೆದಿಟ್ಟುಕೊಳ್ಳಿ. ಈ ನಾಲ್ಕು ಹಾಳೆ ಎಸೆಯಬೇಡಿ. ಕೋರ್ಸ್ ಮುಗಿದ ಮೇಲೆ ಇದೇ ಕೆಲಸಗಳನ್ನು ಮತ್ತೆ ಮಾಡಿ ಪಕ್ಕದಲ್ಲಿಟ್ಟು ನೋಡಬೇಕು. ಕಲಿತದ್ದಕ್ಕೆ ಪ್ರಮಾಣಪತ್ರಕ್ಕಿಂತ ಇದು ಗಟ್ಟಿ ಸಾಕ್ಷಿ.

ಹಂತ 2: ಕೋರ್ಸ್ ಆರಿಸಿ

ಇಲ್ಲಿ ಅವಸರ ಬೇಡ. ಜಾಹೀರಾತಿನಲ್ಲಿ ಕಾಣುವುದು ಕಂಪ್ಯೂಟರ್ ಲ್ಯಾಬಿನ ಫೋಟೊ, ಪ್ರಮಾಣಪತ್ರದ ಮಾದರಿ, 'ಕೆಲಸ ಗ್ಯಾರಂಟಿ' ಅನ್ನುವ ಮಾತು. ಇವುಗಳಲ್ಲಿ ಯಾವುದೂ ಅಲ್ಲಿ ಪಾಠ ಹೇಗೆ ನಡೆಯುತ್ತದೆ ಅಂತ ಹೇಳುವುದಿಲ್ಲ. ಹಾಗಾಗಿ ನೇರವಾಗಿ ಹೋಗಿ ಅಥವಾ ಫೋನ್ ಮಾಡಿ ಕೇಳಬೇಕು.

ಮೊದಲು ಕೇಳಬೇಕಾದ್ದು: ವಾರಕ್ಕೆ ಎಷ್ಟು ಸಲ ನನ್ನ ಕೆಲಸ ತಿದ್ದಿ ವಾಪಸ್ ಬರುತ್ತದೆ? ಯಾರು ತಿದ್ದುತ್ತಾರೆ? ತಿದ್ದಿದ ಒಂದು ಹಾಳೆ ತೋರಿಸುತ್ತೀರಾ? ಹೆಸರು ಮುಚ್ಚಿ ತೋರಿಸಿದರೂ ಸಾಕು. 'ಚೆನ್ನಾಗಿದೆ' ಅಂತ ಒಂದು ಟಿಕ್ ಹಾಕಿದ್ದರೆ ಅದು ತಿದ್ದುವುದಲ್ಲ. 'ಈ ಪತ್ರದಲ್ಲಿ ಕೇಳಿಕೆ ಮೂರನೇ ಪ್ಯಾರಾದಲ್ಲಿದೆ, ಮೊದಲಿಗೆ ತನ್ನಿ' ಅಂತ ಬರೆದಿದ್ದರೆ ಅಲ್ಲಿ ಒಬ್ಬ ಶಿಕ್ಷಕರಿದ್ದಾರೆ ಅಂತ ಅರ್ಥ.

ಎರಡನೆಯದು: ಕೊನೆಯ ಪರೀಕ್ಷೆ ಹೇಗಿರುತ್ತದೆ? ತಿಂಗಳಾನುಗಟ್ಟಲೆ ಒಂದೇ ಪುಟ ಟೈಪ್ ಮಾಡಿಸಿ, ಪರೀಕ್ಷೆಗೂ ಅದನ್ನೇ ಕೊಡುವ ಕಡೆ ವೇಗದ ಅಂಕೆ ದೊಡ್ಡದಾಗಿಯೇ ಬರುತ್ತದೆ. ಕೆಲಸಕ್ಕೆ ಸೇರಿದ ದಿನ ಅದು ಕುಸಿಯುತ್ತದೆ. ಹಿಂದೆ ನೋಡಿರದ ವಿಷಯ, ಅರ್ಧಂಬರ್ಧ ಮಾಹಿತಿ, ಒಂದು ಗಡುವು: ಈ ಮೂರೂ ಇರುವ ಪರೀಕ್ಷೆ ನಡೆಸುವ ಜಾಗವನ್ನು ಹುಡುಕಿ.

ಆಮೇಲೆ ಸಣ್ಣಪುಟ್ಟ ವಿಷಯಗಳು. ಪ್ರತಿಯೊಬ್ಬರಿಗೂ ಒಂದು ಕಂಪ್ಯೂಟರ್ ಇದೆಯಾ, ಹಂಚಿಕೊಳ್ಳಬೇಕಾ? ಕಲಿಸುವವರು ಯಾವಾಗಲಾದರೂ ಕಚೇರಿಯಲ್ಲಿ ಕೆಲಸ ಮಾಡಿದ್ದಾರಾ? ತರಗತಿ ತಪ್ಪಿದರೆ ಏನು ದಾರಿ? ಮಧ್ಯದಲ್ಲಿ ಬಿಟ್ಟರೆ ಎಷ್ಟು ದುಡ್ಡು ವಾಪಸ್? ಉತ್ತರ ಬರವಣಿಗೆಯಲ್ಲಿ ಕೊಡಲಿ. ಪ್ರಮಾಣಪತ್ರದ ಬೆಲೆ ತಿಳಿಯಬೇಕಾದರೆ ಅದನ್ನು ಕೊಡುವವರನ್ನಲ್ಲ, ನೀವು ಸೇರಬೇಕೆಂದಿರುವ ಕಚೇರಿಗಳವರನ್ನು ಕೇಳಿ.

'ವಿದ್ಯಾರ್ಥಿಗಳೆಲ್ಲ ಖುಷಿಯಾಗಿದ್ದಾರೆ' ಅನ್ನುವ ಮಾತಿನ ಬಗ್ಗೆ ಒಂದಿಷ್ಟು ಹೇಳಲೇಬೇಕು. ತರಬೇತಿಯನ್ನು ನಾಲ್ಕು ಮಟ್ಟದಲ್ಲಿ ಅಳೆಯಬೇಕು ಅಂತ ಅಮೆರಿಕದ ಪ್ರಾಧ್ಯಾಪಕ ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲೇ ಬರೆದಿದ್ದರು. ಕಲಿತವರಿಗೆ ಇಷ್ಟವಾಯಿತಾ, ನಿಜಕ್ಕೂ ಕಲಿತರಾ, ಕೆಲಸದಲ್ಲಿ ಬಳಸಿದರಾ, ಅದರಿಂದ ಸಂಸ್ಥೆಗೆ ಫಲ ಸಿಕ್ಕಿತಾ. ಹೆಚ್ಚಿನ ಕೋರ್ಸ್‌ಗಳು ಮೊದಲನೆಯದನ್ನು ಮಾತ್ರ ಕೇಳಿ ನಿಲ್ಲಿಸುತ್ತವೆ. ಇಷ್ಟವಾಗುವುದಕ್ಕೂ ಕಲಿಯುವುದಕ್ಕೂ ನಂಟು ಇದ್ದೇ ಇರುತ್ತದೆ ಅಂತಿಲ್ಲ. ಅದಕ್ಕೊಂದು ಒಳ್ಳೆಯ ಉದಾಹರಣೆ ಮುಂದಿನ ಹಂತದಲ್ಲೇ ಇದೆ.

ಹಂತ 3: ದಿನಕ್ಕೆ ಒಂದು ಗಂಟೆ, ಟೈಪಿಂಗ್‌ನಿಂದ ಶುರು

1978ರಲ್ಲಿ ಬ್ಯಾಡ್ಲಿ ಮತ್ತು ಲಾಂಗ್‌ಮನ್ ಎಂಬ ಸಂಶೋಧಕರು ಬ್ರಿಟನ್ನಿನ ಅಂಚೆ ನೌಕರರ ಮೇಲೆ ಮಾಡಿದ ಅಧ್ಯಯನ ಪ್ರಕಟಿಸಿದರು. ಆ ನೌಕರರು ಕೀಬೋರ್ಡ್ ಕಲಿಯಬೇಕಿತ್ತು. ಕೆಲವರಿಗೆ ದಿನಕ್ಕೆ ಒಂದೇ ಗಂಟೆ. ಕೆಲವರಿಗೆ ದಿನಕ್ಕೆ ಎರಡು ಸಲ, ಎರಡೆರಡು ಗಂಟೆ. ಉಳಿದವರು ಇವೆರಡರ ನಡುವೆ. ಕೀಗಳನ್ನು ಕಲಿಯಲು ಒಂದು ಗಂಟೆಯವರಿಗೆ ಒಟ್ಟು ಸುಮಾರು 35 ಗಂಟೆ ಸಾಕಾಯಿತು. ನಾಲ್ಕು ಗಂಟೆಯವರಿಗೆ ಸುಮಾರು 50 ಗಂಟೆ ಬೇಕಾಯಿತು. ಇನ್ನೂ ಸ್ವಾರಸ್ಯದ ಸಂಗತಿ ಏನೆಂದರೆ, ತರಬೇತಿಯ ಬಗ್ಗೆ ಎಲ್ಲರಿಗಿಂತ ಕಡಿಮೆ ತೃಪ್ತಿ ಇದ್ದದ್ದು ಆ ಒಂದು ಗಂಟೆಯವರಿಗೇ. ದಿನಗಳ ಲೆಕ್ಕದಲ್ಲಿ ಹಿಂದೆ ಬಿದ್ದ ಹಾಗೆ ಅನಿಸುತ್ತದೆ, ಗಂಟೆಗಳ ಲೆಕ್ಕದಲ್ಲಿ ಮುಂದಿರುತ್ತೀರಿ. ಹಾಗಾಗಿ ಭಾನುವಾರ ಇಡೀ ದಿನ ಕೂತು ಟೈಪ್ ಮಾಡುವ ಯೋಜನೆ ಕೈಬಿಡಿ. ದಿನಾ ಸ್ವಲ್ಪ, ಆದರೆ ದಿನಾ.

ಇನ್ನು ಕೈಯ ವಿಷಯ. ಎಫ್ ಮತ್ತು ಜೆ ಕೀಗಳ ಮೇಲೆ ಸಣ್ಣ ಉಬ್ಬು ಇರುತ್ತದೆ. ಎರಡು ತೋರುಬೆರಳು ಅಲ್ಲಿ. ಉಳಿದ ಬೆರಳುಗಳು ಅದೇ ಸಾಲಿನಲ್ಲಿ, ಹೆಬ್ಬೆರಳು ಸ್ಪೇಸ್ ಬಾರ್ ಮೇಲೆ. ಮೇಲಿನ ಅಥವಾ ಕೆಳಗಿನ ಸಾಲಿಗೆ ಹೋದ ಬೆರಳು ಮತ್ತೆ ತನ್ನ ಮನೆಗೆ, ಅಂದರೆ ಈ ಸಾಲಿಗೆ, ಬರಬೇಕು. ಕೀಬೋರ್ಡ್ ನೋಡಬಾರದು. ಮೊದಲ ಕೆಲವು ವಾರ ನಿಮ್ಮ ಹಳೆಯ ಎರಡು ಬೆರಳಿನ ವೇಗಕ್ಕಿಂತ ನಿಧಾನವಾಗುತ್ತೀರಿ. ತುಂಬಾ ಜನ ಬಿಟ್ಟುಬಿಡುವುದು ಇಲ್ಲೇ. ದಯವಿಟ್ಟು ಬಿಡಬೇಡಿ.

ನೋಡದೆ ಟೈಪ್ ಮಾಡುವುದರ ಲಾಭ ಬರೀ ವೇಗವಲ್ಲ. 1888ರ ಜುಲೈ 25ರಂದು ಅಮೆರಿಕದ ಸಿನ್ಸಿನಾಟಿಯಲ್ಲಿ ಒಂದು ಟೈಪಿಂಗ್ ಪಂದ್ಯ ನಡೆದಿತ್ತು. ಕೋರ್ಟಿನ ಶೀಘ್ರಲಿಪಿಕಾರ ಫ್ರಾಂಕ್ ಮೆಗರಿನ್ ಕೀಗಳ ಕಡೆ ನೋಡದೆ ಟೈಪ್ ಮಾಡಿ, ಲೂಯಿ ಟ್ರಾಬ್ ಎಂಬುವರನ್ನು ಸೋಲಿಸಿದರು. ಆಮೇಲೆ ಈ ಪದ್ಧತಿಗೆ ಹೆಸರು ಬಂತು. ಕಣ್ಣು ಮೂಲ ಕಾಗದದ ಮೇಲೇ ಇದ್ದಾಗ ಸಾಲು ತಪ್ಪುವುದಿಲ್ಲ, ಅರ್ಥವೂ ತಲೆಗೆ ಹೋಗುತ್ತದೆ. ಮೂಲದಲ್ಲೇ ತಪ್ಪಿದ್ದರೆ ಕಣ್ಣಿಗೆ ಬೀಳುತ್ತದೆ. ಕಾರ್ಯದರ್ಶಿಗೆ ಬೇಕಾದ್ದು ಅದೇ.

ವೇಗ ಅಳೆಯುವ ರೀತಿ ತಿಳಿದಿರಲಿ. ಇಂಗ್ಲಿಷ್ ಟೈಪಿಂಗ್ ಪರೀಕ್ಷೆಯಲ್ಲಿ ಸ್ಪೇಸ್ ಸೇರಿ 5 ಕೀ ಒತ್ತಿದರೆ ಒಂದು ಪದ ಅಂತ ಲೆಕ್ಕ. 5 ನಿಮಿಷದಲ್ಲಿ 1,000 ಕೀ ಒತ್ತಿದರೆ 200 ಪದ, ಅಂದರೆ ನಿಮಿಷಕ್ಕೆ 40. ಅದರಲ್ಲಿ ತಿದ್ದದೆ ಉಳಿದ 10 ತಪ್ಪುಗಳಿದ್ದರೆ ನಿಮಿಷಕ್ಕೆ 2 ಕಳೆಯಬೇಕು. ಉಳಿಯುವುದು 38. ಯಾವುದಾದರೂ ಸಂಸ್ಥೆ ತನ್ನ ವಿದ್ಯಾರ್ಥಿಗಳ ವೇಗ ಹೇಳಿಕೊಂಡರೆ, ತಪ್ಪು ಕಳೆದ ಮೇಲಿನ ಅಂಕೆಯಾ ಅಂತ ಕೇಳಿ.

ನಿಖರತೆಯ ಶೇಕಡಾವಾರು ಕೂಡ ಮೋಸ ಮಾಡುತ್ತದೆ. ಶೇ 95 ಅಂದರೆ ಚೆನ್ನಾಗಿ ಕೇಳಿಸುತ್ತದೆ, ಅಲ್ವಾ? ಪದಕ್ಕೊಂದು ಲೆಕ್ಕ ಹಿಡಿದರೆ, 300 ಪದದ ಪತ್ರದಲ್ಲಿ 15 ತಪ್ಪು. ಅಂಥ ಪತ್ರಕ್ಕೆ ಯಾರೂ ಸಹಿ ಹಾಕುವುದಿಲ್ಲ. ನನ್ನ ಸಲಹೆ: ಶೇ 98 ದಾಟುವವರೆಗೆ ವೇಗದ ಕಡೆ ಗಮನವೇ ಬೇಡ. ದಾಟಿದ ಮೇಲೆ ದಿನಕ್ಕೆ ಐದು ನಿಮಿಷ ಮಾತ್ರ ನಿಮ್ಮ ಮಾಮೂಲಿ ವೇಗಕ್ಕಿಂತ ಸ್ವಲ್ಪ ಜಾಸ್ತಿ ಒತ್ತಡ ಹಾಕಿ. ಆಮೇಲೆ ಮತ್ತೆ ನಿಖರತೆಗೆ ಬನ್ನಿ. ಯಾವ ಕೀಗಳಲ್ಲಿ ಪದೇ ಪದೇ ತಪ್ಪುತ್ತೀರೋ ಅವನ್ನೇ ಆರಿಸಿ ಅಭ್ಯಾಸ ಮಾಡಿ. ಸುಮ್ನೆ ವರ್ಷಗಟ್ಟಲೆ ಟೈಪ್ ಮಾಡುತ್ತಾ ಹೋದರೆ ವೇಗ ಒಂದು ಕಡೆ ನಿಂತುಬಿಡುತ್ತದೆ.

ಅಂಕಿಗಳ ಸಾಲನ್ನೂ ನೋಡದೆ ಒತ್ತುವುದು ಕಲಿಯಿರಿ. ಪತ್ರದಲ್ಲಿ ಒಂದು ಅಕ್ಷರ ತಪ್ಪಿದರೆ ಓದುವವರು ಸರಿಪಡಿಸಿ ಓದಿಕೊಳ್ಳುತ್ತಾರೆ. ಖಾತೆ ಸಂಖ್ಯೆಯಲ್ಲಿ ಒಂದು ಅಂಕಿ ತಪ್ಪಿದರೆ ಹಾಗೆ ಆಗುವುದಿಲ್ಲ.

ಹಂತ 4: ಕೇಳಿ ಬರೆದುಕೊಳ್ಳುವುದು

ಈಗಲೂ ಶೀಘ್ರಲಿಪಿ ಕಲಿಯಬೇಕಾ? ಕೋರ್ಟು, ಶಾಸನಸಭೆ ಅಥವಾ ಶೀಘ್ರಲಿಪಿ ಪರೀಕ್ಷೆ ಕಡ್ಡಾಯ ಮಾಡಿರುವ ಹುದ್ದೆಗೆ ಹೋಗುವುದಾದರೆ ಖಂಡಿತ ಬೇಕು. ಪಿಟ್‌ಮನ್ ಪದ್ಧತಿ ಮಾತಿನ ಸದ್ದನ್ನು ಹಿಡಿಯುತ್ತದೆ. ಗೆರೆಯ ದಪ್ಪ, ಸಾಲಿನ ಮೇಲೆ ಅದರ ಜಾಗ, ಎರಡಕ್ಕೂ ಅಲ್ಲಿ ಅರ್ಥವಿದೆ. 1888ರಲ್ಲಿ ಬಂದ ಗ್ರೆಗ್ ಪದ್ಧತಿಯೂ ಸದ್ದನ್ನೇ ಹಿಡಿಯುತ್ತದೆ, ಆದರೆ ದಪ್ಪ ಬಿಟ್ಟು ಗೆರೆಯ ಉದ್ದವನ್ನು ನೆಚ್ಚುತ್ತದೆ. 1968ರ ಟೀಲೈನ್ ಅಕ್ಷರಗಳನ್ನೇ ಸರಳ ಮಾಡಿಕೊಂಡಿದೆ, ಹಾಗಾಗಿ ಬೇಗ ಕೈಗೆ ಹತ್ತುತ್ತದೆ. ನೀವು ಹೋಗುವ ಕಡೆ ಯಾವುದನ್ನು ಒಪ್ಪುತ್ತಾರೋ ಅದನ್ನು ಕಲಿಯಿರಿ.

ಉಳಿದವರಿಗೆ ಪೂರ್ತಿ ಶೀಘ್ರಲಿಪಿ ಬೇಡ, ಆದರೆ ವೇಗದ ಟಿಪ್ಪಣಿ ಬೇಕೇ ಬೇಕು. ಪದೇ ಪದೇ ಬರುವ ಪದಗಳಿಗೆ ನಿಮ್ಮದೇ ಗುರುತು ಮಾಡಿಕೊಳ್ಳಿ. ತೀರ್ಮಾನಕ್ಕೆ ಚೌಕ, ಯಾರಾದರೂ ಒಪ್ಪಿಕೊಂಡ ಕೆಲಸಕ್ಕೆ ಬಾಣ, ಆಮೇಲೆ ಕೇಳಿ ಖಚಿತ ಮಾಡಬೇಕಾದ್ದಕ್ಕೆ ಪ್ರಶ್ನೆ ಚಿಹ್ನೆ. ಹಾಳೆಯ ಎಡಗಡೆ ಅಗಲವಾಗಿ ಜಾಗ ಬಿಟ್ಟು ಈ ಗುರುತುಗಳನ್ನು ಅಲ್ಲೇ ಹಾಕಿ. ಹೆಸರು, ದಿನಾಂಕ, ಮೊತ್ತ ಈ ಮೂರನ್ನು ಮಾತ್ರ ಎಂದೂ ಸಂಕ್ಷೇಪ ಮಾಡಬೇಡಿ.

'ರೆಕಾರ್ಡ್ ಮಾಡಿ ಯಂತ್ರಕ್ಕೆ ಕೊಟ್ಟರಾಯಿತು' ಅಂತ ಈಗ ಹೇಳುತ್ತಾರೆ. ಬಳಸಿ, ತಪ್ಪಿಲ್ಲ. ಆದರೆ ಎಲ್ಲರ ಒಪ್ಪಿಗೆ ಇಲ್ಲದೆ ರೆಕಾರ್ಡ್ ಮಾಡಬೇಡಿ. ಯಂತ್ರ ಬರೆದುಕೊಟ್ಟ ಮಾತಿನಲ್ಲಿ ಹೆಸರು, ಅಂಕಿ, 'ಇಲ್ಲ' ಅನ್ನುವ ಪದ ಇವನ್ನು ಒಂದೊಂದಾಗಿ ನೋಡಿ. ಒಂದು 'ಇಲ್ಲ' ಬಿಟ್ಟುಹೋದರೆ ತೀರ್ಮಾನವೇ ತಿರುಗುತ್ತದೆ. ಯಾವ ಮಾತು ಮುಖ್ಯ, ಯಾವುದು ಬರೀ ಹರಟೆ ಅಂತ ಗುರುತಿಸುವ ಕೆಲಸ ನಿಮ್ಮದೇ. ಆ ಕಿವಿ ಬೆಳೆಯುವುದು ಕೈಯಲ್ಲಿ ಟಿಪ್ಪಣಿ ಮಾಡಿದವರಿಗೆ.

ಹಂತ 5: ಪತ್ರ ಮತ್ತು ಇಮೇಲ್

ನಿಯಮಗಳು ಕಡಿಮೆ. ಒಂದು ಇಮೇಲ್‌ಗೆ ಒಂದೇ ವಿಷಯ. ಏನು ಬೇಕು ಅನ್ನುವುದು ಮೊದಲ ಎರಡು ಸಾಲಿನಲ್ಲಿ. ಯಾವಾಗ ಬೇಕು ಅನ್ನುವುದು ದಿನಾಂಕದೊಂದಿಗೆ. 'ಆದಷ್ಟು ಬೇಗ' ಅನ್ನುವುದು ಗಡುವಲ್ಲ.

ವಿಷಯದ ಸಾಲಿನಲ್ಲಿ 'ಸಭೆ' ಅಂತ ಬರೆದರೆ ಯಾರಿಗೂ ಏನೂ ಗೊತ್ತಾಗುವುದಿಲ್ಲ. 'ಬಜೆಟ್ ಸಭೆ 12ರಿಂದ 19ಕ್ಕೆ ಮುಂದೂಡಿಕೆ: ಶುಕ್ರವಾರದೊಳಗೆ ಒಪ್ಪಿಗೆ ತಿಳಿಸಿ' ಅಂತ ಬರೆದರೆ ಇಮೇಲ್ ತೆರೆಯುವ ಮೊದಲೇ ಅರ್ಧ ಕೆಲಸ ಮುಗಿಯಿತು.

ಬರೆಯುವಾಗ ಒಂದು ಕ್ರಮ ಇಟ್ಟುಕೊಳ್ಳಿ. ಮೊದಲು ಲಗತ್ತು ಸೇರಿಸಿ, ಆಮೇಲೆ ವಿಷಯ ಬರೆಯಿರಿ, ವಿಳಾಸ ಕೊನೆಗೆ ಹಾಕಿ. ಅರ್ಧ ಬರೆದ ಪತ್ರ ಕೈತಪ್ಪಿ ಹೋಗುವುದು, ಲಗತ್ತು ಮರೆಯುವುದು ಎರಡೂ ಇದರಿಂದ ತಪ್ಪುತ್ತವೆ. ಒಬ್ಬರಿಗೊಬ್ಬರು ಪರಿಚಯವಿಲ್ಲದ ತುಂಬಾ ಜನಕ್ಕೆ ಒಂದೇ ಪತ್ರ ಹೋಗುವುದಾದರೆ ವಿಳಾಸಗಳನ್ನು ಬಿಸಿಸಿಯಲ್ಲಿ (ಒಬ್ಬರ ವಿಳಾಸ ಇನ್ನೊಬ್ಬರಿಗೆ ಕಾಣದ ಜಾಗ) ಹಾಕಿ. ಒಬ್ಬರ ವಿಳಾಸವನ್ನು ಇನ್ನೊಬ್ಬರಿಗೆ ಹಂಚುವ ಹಕ್ಕು ನಮಗಿಲ್ಲ.

ಮೇಲಧಿಕಾರಿಯ ಪರವಾಗಿ ಬರೆಯುವಾಗ ಅವರ ಧಾಟಿ ಹಿಡಿಯಬೇಕು. ಅವರು ಬರೆದ ಹಳೆಯ ಪತ್ರಗಳನ್ನು ಓದಿ. ಹೇಗೆ ಸಂಬೋಧಿಸುತ್ತಾರೆ, ಹೇಗೆ ಮುಗಿಸುತ್ತಾರೆ, ಬೇಡ ಅನ್ನುವುದನ್ನು ಹೇಗೆ ಹೇಳುತ್ತಾರೆ ಅಂತ ಗಮನಿಸಿ. ನೀವು ಬರೆದ ಕರಡನ್ನೂ ಅವರು ತಿದ್ದಿ ಕಳಿಸಿದ್ದನ್ನೂ ಜೊತೆಯಾಗಿ ಇಟ್ಟುಕೊಳ್ಳಿ. ಕೆಲವು ವಾರ ಹೀಗೆ ಮಾಡಿದರೆ ಯಾವ ಪದ ಅವರು ಯಾವಾಗಲೂ ಹೊಡೆದುಹಾಕುತ್ತಾರೆ ಅಂತ ನಿಮಗೇ ಗೊತ್ತಾಗುತ್ತದೆ. ಇದಕ್ಕಿಂತ ಒಳ್ಳೆಯ ಪಾಠಪುಸ್ತಕ ಇಲ್ಲ.

ಹಂತ 6: ಸಭೆ ಮತ್ತು ನಡಾವಳಿ

ಒಬ್ಬರ ತರಬೇತಿ ಎಷ್ಟು ಗಟ್ಟಿ ಅಂತ ತಿಳಿಯಬೇಕಾದರೆ ಅವರು ಬರೆದ ನಡಾವಳಿ, ಅಂದರೆ ಸಭೆಯ ತೀರ್ಮಾನಗಳ ದಾಖಲೆ, ನೋಡಬೇಕು. ಕೇಳುವುದು, ಆರಿಸುವುದು, ಬರೆಯುವುದು, ಗುಟ್ಟು ಕಾಯುವುದು ಎಲ್ಲವೂ ಅದರಲ್ಲಿ ಸೇರಿರುತ್ತವೆ. ಆದರೂ ಎಷ್ಟೋ ಕೋರ್ಸ್‌ಗಳಲ್ಲಿ ಇದಕ್ಕೆ ಒಂದು ದಿನವೂ ಸಿಗುವುದಿಲ್ಲ. ಹಾಗಾಗಿ ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ಸಭೆಗೆ ಮೊದಲು ಕಾರ್ಯಸೂಚಿ. ಪ್ರತಿ ವಿಷಯದ ಮುಂದೆ ಮೂರು ಸಂಗತಿ ಬರೆಯಿರಿ: ಯಾರು ಮಂಡಿಸುತ್ತಾರೆ, ಎಷ್ಟು ನಿಮಿಷ, ಕೊನೆಗೆ ಏನಾಗಬೇಕು. ತೀರ್ಮಾನ ಆಗಬೇಕಾ, ಚರ್ಚೆ ಸಾಕಾ, ಬರೀ ತಿಳಿಸುವುದಾ? ಈ ಮೂರನೆಯದನ್ನು ಬರೆಯದಿದ್ದರೆ ಚರ್ಚೆ ಎಲ್ಲೋ ಹೋಗುತ್ತದೆ. ತೀರ್ಮಾನ ಬೇಕಾದ ವಿಷಯಗಳನ್ನು ಮೊದಲಿಗೆ ಇಡಿ. ಕೊನೆಗೆ ಬರುವಷ್ಟರಲ್ಲಿ ಅರ್ಧ ಜನ ಗಡಿಯಾರ ನೋಡುತ್ತಿರುತ್ತಾರೆ.

ಸಭೆಯ ದಿನ ಬಂದವರ ಮತ್ತು ಬಾರದವರ ಹೆಸರು ಬರೆದುಕೊಳ್ಳಿ. ಸಂಘ ಅಥವಾ ಆಡಳಿತ ಮಂಡಳಿಯ ಸಭೆಯಾದರೆ ಕೋರಂ (ಸಭೆ ನಡೆಸಲು ಕನಿಷ್ಠ ಇರಬೇಕಾದ ಸದಸ್ಯರ ಸಂಖ್ಯೆ) ಎಷ್ಟು ಅಂತ ನಿಯಮಾವಳಿಯಲ್ಲಿ ಮೊದಲೇ ನೋಡಿಟ್ಟುಕೊಳ್ಳಿ. ಕೋರಂ ಇಲ್ಲದೆ ಮಾಡಿದ ತೀರ್ಮಾನವನ್ನು ಆಮೇಲೆ ಯಾರು ಬೇಕಾದರೂ ಪ್ರಶ್ನಿಸಬಹುದು. ಮಧ್ಯದಲ್ಲಿ ಎದ್ದು ಹೋದವರ ಸಮಯವನ್ನೂ ಬರೆದುಕೊಳ್ಳಿ.

ಚರ್ಚೆಯ ಪ್ರತಿ ಮಾತೂ ನಡಾವಳಿಗೆ ಬೇಕಾಗಿಲ್ಲ. ಏನು ತೀರ್ಮಾನವಾಯಿತು, ಯಾಕೆ ಅನ್ನುವುದಕ್ಕೆ ಒಂದೆರಡು ಸಾಲು, ಯಾರು ಏನು ಮಾಡಬೇಕು, ಯಾವ ದಿನದೊಳಗೆ. ಎರಡು ಮಾದರಿ ನೋಡಿ.

ಮೊದಲನೆಯದು: 'ಪ್ರಿಂಟರ್ ಬಗ್ಗೆ ಸುದೀರ್ಘ ಚರ್ಚೆ ನಡೆಯಿತು. ಹಲವು ಸದಸ್ಯರು ಅಸಮಾಧಾನ ವ್ಯಕ್ತಪಡಿಸಿದರು. ಶೀಘ್ರದಲ್ಲೇ ಕ್ರಮ ಕೈಗೊಳ್ಳಲಾಗುವುದು.'

ಎರಡನೆಯದು: 'ಈಗಿನ ಪ್ರಿಂಟರ್‌ನ ರಿಪೇರಿ ಖರ್ಚು ಜಾಸ್ತಿಯಾಗಿರುವುದರಿಂದ ಹೊಸದನ್ನು ಕೊಳ್ಳಲು ಒಪ್ಪಿಗೆ ನೀಡಲಾಯಿತು. ಮೂರು ಕಡೆಯಿಂದ ಕೊಟೇಷನ್ ತರಿಸುವುದು: ಲೆಕ್ಕಪತ್ರ ವಿಭಾಗದ ಮುಖ್ಯಸ್ಥರು. ಗಡುವು: ಮಾರ್ಚ್ 14.'

ಮೊದಲನೆಯದನ್ನು ಓದಿದರೆ ಯಾರೂ ಏನೂ ಮಾಡುವುದಿಲ್ಲ. ಎರಡನೆಯದರಲ್ಲಿ ತಪ್ಪಿಸಿಕೊಳ್ಳಲು ಜಾಗವೇ ಇಲ್ಲ. ಯಾರ ಸಿಟ್ಟೂ ಅದರಲ್ಲಿಲ್ಲ ಅನ್ನುವುದನ್ನೂ ಗಮನಿಸಿ. 'ಕೋಪದಿಂದ ಹೇಳಿದರು', 'ಸರಿಯಾಗಿಯೇ ಕೇಳಿದರು' ಇಂಥ ಮಾತು ನಡಾವಳಿಯಲ್ಲಿ ಬರಬಾರದು. ನಿಮ್ಮ ಅಭಿಪ್ರಾಯ ಎಷ್ಟೇ ನ್ಯಾಯವಾದರೂ ಅದಕ್ಕೆ ಅಲ್ಲಿ ಜಾಗವಿಲ್ಲ.

ತೀರ್ಮಾನ ಏನು ಅಂತ ಸ್ಪಷ್ಟವಾಗದಿದ್ದರೆ ಸುಮ್ಮನೆ ಕೂರಬೇಡಿ. 'ಹಾಗಾದರೆ ಕೊಟೇಷನ್ ತರಿಸುವುದು ಅಂತ ಬರೆದುಕೊಳ್ಳಲಾ? ಯಾರು ತರಿಸುತ್ತಾರೆ?' ಅಂತ ಅಧ್ಯಕ್ಷರನ್ನು ಅಲ್ಲೇ ಕೇಳಿ. ಹೊಸಬರಿಗೆ ಇದು ಮುಜುಗರ ಅನಿಸುತ್ತದೆ. ನಿಜ ಹೇಳಬೇಕೆಂದರೆ ಆ ಪ್ರಶ್ನೆಗೆ ಕೋಣೆಯಲ್ಲಿರುವ ಎಲ್ಲರೂ ಮನಸ್ಸಿನಲ್ಲೇ ವಂದನೆ ಹೇಳುತ್ತಾರೆ.

ಕರಡು 24 ಗಂಟೆಯೊಳಗೆ ಸಿದ್ಧವಾಗಲಿ. ನೆನಪು ಅದಕ್ಕಿಂತ ಜಾಸ್ತಿ ಕಾಯುವುದಿಲ್ಲ. ಅಧ್ಯಕ್ಷರು ನೋಡಿದ ಮೇಲೆ ಸದಸ್ಯರಿಗೆ ಕಳಿಸಿ. ಮುಂದಿನ ಸಭೆಯಲ್ಲಿ ಅದು ದೃಢಪಡುವವರೆಗೆ ಮೇಲ್ಗಡೆ 'ಕರಡು' ಅಂತಲೇ ಇರಲಿ.

ಇದರ ಅಭ್ಯಾಸಕ್ಕೆ ಕಚೇರಿ ಬೇಕಿಲ್ಲ. ಸ್ಥಳೀಯ ಸಂಸ್ಥೆಗಳ, ಶಾಸನಸಭೆಗಳ ಸಭೆಗಳು ಎಷ್ಟೋ ಕಡೆ ನೇರ ಪ್ರಸಾರವಾಗುತ್ತವೆ, ಲಿಖಿತ ದಾಖಲೆಯೂ ಹೊರಬರುತ್ತದೆ. ಅರ್ಧ ಗಂಟೆ ಕೇಳಿ ನಡಾವಳಿ ಬರೆಯಿರಿ. ಆಮೇಲೆ ದಾಖಲೆಯೊಂದಿಗೆ ಹೋಲಿಸಿ, ಯಾವ ತೀರ್ಮಾನ ಬಿಟ್ಟಿರಿ ಅಂತ ಕೆಂಪು ಶಾಯಿಯಲ್ಲಿ ಗುರುತು ಹಾಕಿ. ತಿದ್ದುವ ಶಿಕ್ಷಕರು ಸಿಗದವರಿಗೂ ಇದು ದಾರಿ.

ಹಂತ 7: ಕಡತ ಇಡುವುದು

ಕಡತ ಇಡುವುದು ಅಂದರೆ ಹುಡುಕುವವರ ಕೆಲಸ ಮೊದಲೇ ಮಾಡಿಕೊಡುವುದು. ಫೈಲ್ ಹೆಸರಿನ ಶುರುವಿನಲ್ಲಿ ದಿನಾಂಕ ಹಾಕುವುದಾದರೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ಹಾಕಿ: 2025-03-09. ಹೀಗಿದ್ದರೆ ಕಂಪ್ಯೂಟರ್ ಹೆಸರಿನ ಪ್ರಕಾರ ಜೋಡಿಸಿದಾಗ ಕಾಲಕ್ರಮ ತಾನೇ ಬರುತ್ತದೆ. 09-03 ಅಂದರೆ ಕೆಲವರಿಗೆ ಮಾರ್ಚ್ 9, ಅಮೆರಿಕದವರಿಗೆ ಸೆಪ್ಟೆಂಬರ್ 3. ಐಎಸ್‌ಒ 8601 ಅನ್ನುವ ಅಂತರರಾಷ್ಟ್ರೀಯ ಮಾನದಂಡ 1988ರಲ್ಲಿ ಬಂದದ್ದು ಇಂಥ ಗೊಂದಲ ತಪ್ಪಿಸುವುದಕ್ಕೇ.

ದಿನಾಂಕದ ನಂತರ ವಿಷಯ, ಆಮೇಲೆ ಆವೃತ್ತಿ ಸಂಖ್ಯೆ. 'ಫೈನಲ್', 'ಹೊಸ ಫೈನಲ್', 'ನಿಜವಾದ ಫೈನಲ್' ಅಂತ ಹೆಸರಿಡುವುದನ್ನು ಇವತ್ತೇ ನಿಲ್ಲಿಸಿ. 01, 02, 03 ಸಾಕು.

ಮುಖ್ಯ ದಾಖಲೆಗಳಿಗೆ ಮೂರು ಪ್ರತಿ, ಎರಡು ಬಗೆಯ ಮಾಧ್ಯಮದಲ್ಲಿ, ಒಂದು ಬೇರೆ ಜಾಗದಲ್ಲಿ. ಆ ಪ್ರತಿಯನ್ನು ಆಗಾಗ ತೆರೆದು ನೋಡಬೇಕು. ತೆರೆಯಲು ಬಾರದ ಬ್ಯಾಕಪ್ ಇದ್ದೂ ಇಲ್ಲದ ಹಾಗೆ. ಯಾವ ಕಾಗದ ಎಷ್ಟು ವರ್ಷ ಇಡಬೇಕು ಅನ್ನುವುದಕ್ಕೆ ಸಂಸ್ಥೆಯ ನಿಯಮ ಇರುತ್ತದೆ. ಅದನ್ನು ಕೇಳದೆ ಏನನ್ನೂ ಎಸೆಯಬೇಡಿ.

ಹಂತ 8: ವರ್ಡ್, ಎಕ್ಸೆಲ್

ವರ್ಡ್ ಬರುತ್ತದೆ ಅಂತ ಎಲ್ಲರೂ ಬಯೊಡೇಟಾದಲ್ಲಿ ಬರೆಯುತ್ತಾರೆ. ಒಂದು ಸಣ್ಣ ಪರೀಕ್ಷೆ ಮಾಡಿ. ನೀವು ಮಾಡಿದ ಹತ್ತು ಪುಟದ ವರದಿಯ ಮೊದಲ ಪುಟಕ್ಕೆ ನಾಲ್ಕು ಸಾಲು ಸೇರಿಸಿ. ಉಳಿದ ಪುಟಗಳೆಲ್ಲ ಅಸ್ತವ್ಯಸ್ತವಾದರೆ ನೀವು ಎಂಟರ್ ಒತ್ತಿ ಒತ್ತಿ ಪುಟ ದಾಟಿದ್ದೀರಿ ಅಂತ ಅರ್ಥ. ಕಂಟ್ರೋಲ್ ಜೊತೆ ಎಂಟರ್ ಒತ್ತಿ ಪುಟ ಮುರಿಯುವುದು, ತಲೆಬರಹಕ್ಕೆ ಸ್ಟೈಲ್ ಬಳಸುವುದು, ಪರಿವಿಡಿ ತಾನಾಗಿ ಬರುವಂತೆ ಮಾಡುವುದು, ಒಂದೇ ಪತ್ರವನ್ನು ನೂರು ಹೆಸರಿಗೆ ಮೇಲ್ ಮರ್ಜ್ ಮಾಡುವುದು, ಏನು ಬದಲಾಯಿತು ಅಂತ ಕಾಣುವ ಹಾಗೆ ಟ್ರ್ಯಾಕ್ ಚೇಂಜಸ್‌ನಲ್ಲಿ ತಿದ್ದುವುದು. ಇಷ್ಟು ಬಂದರೆ ದಿನದ ಬಹುಪಾಲು ಕೆಲಸ ಸಲೀಸು.

ಎಕ್ಸೆಲ್‌ನಲ್ಲಿ ಸೂತ್ರಗಳಿಗಿಂತ ಮೊದಲು ಅಪಾಯಗಳನ್ನು ಕಲಿಯಿರಿ. ಸೊನ್ನೆಯಿಂದ ಶುರುವಾಗುವ ಸಂಖ್ಯೆಯ ಸೊನ್ನೆ ಮಾಯವಾಗುತ್ತದೆ, ಹಾಗಾಗಿ ಆ ಕಾಲಂ ಅನ್ನು ಮೊದಲೇ ಟೆಕ್ಸ್ಟ್ ಮಾಡಿಕೊಳ್ಳಿ. ಒಂದೇ ಕಾಲಂ ಆರಿಸಿ ಸಾರ್ಟ್ ಮಾಡಿದರೆ ಒಬ್ಬರ ಹೆಸರಿನ ಮುಂದೆ ಇನ್ನೊಬ್ಬರ ಫೋನ್ ನಂಬರ್ ಬಂದು ಕೂರುತ್ತದೆ. ಕೆಲವು ಪದಗಳನ್ನು ಅದು ತಾನೇ ದಿನಾಂಕ ಮಾಡಿಬಿಡುತ್ತದೆ. ವಿಜ್ಞಾನಿಗಳಿಗೂ ಇದು ತಪ್ಪಿದ್ದಲ್ಲ. 'ಮಾರ್ಚ್1' ಅಂತ ಒಂದು ಮಾನವ ಜೀನ್‌ಗೆ (ವಂಶವಾಹಿಗೆ) ಹೆಸರಿತ್ತು. ಎಕ್ಸೆಲ್ ಅದನ್ನು ಮಾರ್ಚ್ ತಿಂಗಳ ಒಂದನೇ ತಾರೀಖು ಮಾಡುತ್ತಿತ್ತು. ಕೊನೆಗೆ 2020ರ ಮಾರ್ಗಸೂಚಿಯಲ್ಲಿ ಜೀನ್‌ಗಳಿಗೆ ಹೆಸರಿಡುವ ಸಮಿತಿ ಅಂಥ ಜೀನ್‌ಗಳ ಹೆಸರನ್ನೇ ಬದಲಾಯಿಸಬೇಕಾಯಿತು.

ದಿನಚರಿ ಮತ್ತು ಫೋನ್ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡು ಸಭೆಗಳ ನಡುವೆ ಉಸಿರಾಡಲು ಸಮಯ ಬಿಡಿ. ಬೇರೆ ದೇಶದವರೊಂದಿಗೆ ಸಮಯ ಗೊತ್ತು ಮಾಡುವಾಗ ಊರಿನ ಹೆಸರು ಹಾಕಿ. ಐಎಸ್‌ಟಿ ಅಂತ ಮಾತ್ರ ಬರೆದರೆ ಅದು ಭಾರತದ್ದೂ ಆಗಬಹುದು, ಐರ್ಲೆಂಡಿನದೂ ಆಗಬಹುದು, ಇಸ್ರೇಲಿನದೂ ಆಗಬಹುದು. ಫೋನಿನಲ್ಲಿ ಸಂದೇಶ ಬರೆದುಕೊಂಡರೆ ಹೆಸರು ಮತ್ತು ನಂಬರ್ ಅವರಿಗೇ ಓದಿ ಹೇಳಿ ಖಚಿತ ಮಾಡಿಕೊಳ್ಳಿ. ಕರೆ ಬಂದ ಸಮಯ ಬರೆಯುವುದನ್ನು ಮರೆಯಬೇಡಿ.

ಹಂತ 9: ನಂಬಿಕೆ ಕಾಯುವುದು

ಸಂಬಳದ ಪಟ್ಟಿ, ಕಾಯಿಲೆ ರಜೆಯ ಪತ್ರ, ಇನ್ನೂ ಹೊರಬೀಳದ ವರ್ಗಾವಣೆ. ಎಲ್ಲವೂ ನಿಮ್ಮ ಮೇಜಿನ ಮೇಲೆ ಬರುತ್ತವೆ. ಬಾಯಿ ಬಿಡಬಾರದು ಅಂತ ಎಲ್ಲರಿಗೂ ಗೊತ್ತು. ಆದರೆ ಗುಟ್ಟು ಹೊರಹೋಗುವುದು ಬಾಯಿಂದ ಮಾತ್ರ ಅಲ್ಲ.

ಮೇಜು ಬಿಟ್ಟು ಏಳುವಾಗ ಸ್ಕ್ರೀನ್ ಲಾಕ್ ಮಾಡಿ. ಕಳಿಸುವ ಮೊದಲು ದಾಖಲೆಯಲ್ಲಿ ಹಳೆಯ ಕಾಮೆಂಟ್‌ಗಳು, ತಿದ್ದುಪಡಿಗಳು, ಮುಚ್ಚಿಟ್ಟ ಕಾಲಂಗಳು ಉಳಿದಿವೆಯಾ ಅಂತ ನೋಡಿ. ಪಿಡಿಎಫ್‌ನಲ್ಲಿ ಒಂದು ಹೆಸರಿನ ಮೇಲೆ ಕಪ್ಪು ಪಟ್ಟಿ ಎಳೆದರೆ ಆ ಹೆಸರು ಅಳಿಸಿಹೋಗುವುದಿಲ್ಲ. ಅದರ ಕೆಳಗಿನ ಅಕ್ಷರಗಳನ್ನು ಕಾಪಿ ಮಾಡಿಕೊಳ್ಳಲು ಬರುತ್ತದೆ. ಪೂರ್ತಿ ತೆಗೆದುಹಾಕುವ ರಿಡ್ಯಾಕ್ಷನ್ ಸೌಲಭ್ಯವನ್ನೇ ಬಳಸಬೇಕು. ಗುಟ್ಟಿನ ಕಾಗದವನ್ನು ಸಂಸ್ಥೆಯ ಅನುಮತಿ ಇಲ್ಲದೆ ಯಾವ ಎಐ ಸಾಧನಕ್ಕೂ ಹಾಕಬೇಡಿ.

'ನಮ್ಮ ಬ್ಯಾಂಕ್ ಖಾತೆ ಬದಲಾಗಿದೆ, ಇನ್ನು ಮುಂದೆ ಇದಕ್ಕೆ ಹಣ ಕಳಿಸಿ' ಅಂತ ಇಮೇಲ್ ಬಂದರೆ ತಕ್ಷಣ ನಿಲ್ಲಿ. ಇಮೇಲ್‌ನಲ್ಲಿರುವ ನಂಬರ್‌ಗಲ್ಲ, ನಿಮ್ಮ ಹತ್ತಿರ ಮೊದಲೇ ಇದ್ದ ನಂಬರ್‌ಗೆ ಫೋನ್ ಮಾಡಿ ಕೇಳಿ. ಮೇಲಧಿಕಾರಿಯ ಹೆಸರಿನಲ್ಲಿ 'ತುರ್ತು, ಯಾರಿಗೂ ಹೇಳಬೇಡಿ' ಅಂತ ಬಂದರೂ ಇದೇ ಕ್ರಮ. ಹೀಗೆ ಕೇಳಿದ್ದಕ್ಕೆ ಸಿಟ್ಟಾಗುವ ಮೇಲಧಿಕಾರಿ ಕೂಡ ನಿಜ ಗೊತ್ತಾದ ಮೇಲೆ ಸುಮ್ಮನಾಗುತ್ತಾರೆ.

ಹಂತ 10: ಕೆಲಸಕ್ಕೆ ಸೇರುವುದು, ನೆಲೆಯಾಗುವುದು

ಸಂದರ್ಶನಕ್ಕೆ ಪ್ರಮಾಣಪತ್ರದ ಜೊತೆ ಒಂದು ತೆಳು ಕಡತ ತೆಗೆದುಕೊಂಡು ಹೋಗಿ. ಕಾಲ್ಪನಿಕ ಸಭೆಯ ಒಂದು ಕಾರ್ಯಸೂಚಿ, ಅದರ ನಡಾವಳಿ, ಎರಡು ಪತ್ರ, ಒಂದು ಪ್ರಯಾಣ ಯೋಜನೆ. ಸಾಧ್ಯವಾದರೆ ಒಂದು ಪತ್ರದ ಮೊದಲ ಕರಡು ಮತ್ತು ತಿದ್ದಿದ ಮೇಲಿನ ರೂಪ ಎರಡನ್ನೂ ಇಡಿ. ತಿದ್ದಿಸಿಕೊಂಡು ಬೆಳೆಯುವ ಮನಸ್ಸು ನಿಮಗಿದೆ ಅಂತ ಬಾಯಲ್ಲಿ ಹೇಳುವ ಅಗತ್ಯವೇ ಬರುವುದಿಲ್ಲ. ನಿಜವಾದ ಕಚೇರಿಯ ಯಾವ ಕಾಗದವೂ ಅದರಲ್ಲಿ ಇರಬಾರದು.

ಸೇರಿದ ಮೊದಲ ವಾರ ಮೇಲಧಿಕಾರಿಯನ್ನು ಕೆಲವು ಪ್ರಶ್ನೆ ಕೇಳಿ. ಯಾರ ಫೋನ್ ಬಂದರೆ ಸಭೆಯ ಮಧ್ಯದಲ್ಲೂ ಕರೆಯಬೇಕು? ಯಾವ ಪತ್ರಗಳಿಗೆ ನಾನೇ ಉತ್ತರ ಬರೆಯಬಹುದು, ಯಾವುದನ್ನು ತೋರಿಸಲೇಬೇಕು? ನನ್ನ ಕರಡುಗಳನ್ನು ಮೊದಲ ತಿಂಗಳು ತಿದ್ದಿ ಕೊಡುತ್ತೀರಾ?

ಮೊದಲ ದಿನದಿಂದಲೇ ಒಂದು ಕೈಪಿಡಿ ಬರೆಯುತ್ತಾ ಹೋಗಿ. ತಿಂಗಳ ವರದಿ ಎಲ್ಲಿಂದ ಬರುತ್ತದೆ, ಯಾರ ಸಹಿ ಬೇಕು, ಯಾವ ಫಾರಂ ಯಾವ ಫೋಲ್ಡರ್‌ನಲ್ಲಿದೆ, ಪ್ರಿಂಟರ್ ಕೆಟ್ಟರೆ ಯಾರಿಗೆ ಫೋನ್ ಮಾಡಬೇಕು. ಪಾಸ್‌ವರ್ಡ್ ಮಾತ್ರ ಅದರಲ್ಲಿ ಬರೆಯಬೇಡಿ. ರಜೆ ಹಾಕುವ ಮೊದಲು ಪಕ್ಕದ ಸಹೋದ್ಯೋಗಿಗೆ ಅದನ್ನು ಕೊಟ್ಟು, ನೀವು ಎದುರಿಗಿದ್ದಾಗಲೇ ಒಂದು ಕೆಲಸ ಮಾಡಿಸಿ ನೋಡಿ. ಅವರು ಎಲ್ಲಿ ನಿಂತು ನಿಮ್ಮ ಮುಖ ನೋಡುತ್ತಾರೋ ಅಲ್ಲಿ ಇನ್ನೊಂದು ಸಾಲು ಸೇರಿಸಿ.